ಸಹಾಯ ಬೇಕು: ಅಪ್ಪನ ಹಳೇ ಮರ್ಸಿಡಿಸ್ಸೋ, ಹೊಸ ಸೆಡಾನೋ?

ನಮಸ್ಕಾರ. ಅಪ್ಪ ಬಿಟ್ಟುಹೋದ 1980ರ ಮರ್ಸಿಡಿಸ್ 240ಡಿ ನನ್ನ ಹತ್ತಿರ ಇದೆ. ಮನೆಗೆ ಮಗು ಬಂದಮೇಲೆ ದಿನಾ ಓಡಾಡೋಕೆ ಹೊಸ ಸೆಡಾನ್ ನೋಡ್ತಿದ್ದೀನಿ. ಅದರಲ್ಲಿ ಆರು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಸ್ಟೆಬಿಲಿಟಿ ಕಂಟ್ರೋಲ್ (ಕಾರು ಅಡ್ಡ ಜಾರದಂತೆ ನೋಡಿಕೊಳ್ಳೋದು) ಇದೆ; ನಮ್ಮದರಲ್ಲಿ ಒಂದೂ ಇಲ್ಲ. ಇರೋದು 72 ಅಶ್ವಶಕ್ತಿ, ಓವರ್‌ಟೇಕ್ ಮಾಡೋಕೆ ಬಹಳ ಮುಂಚೆಯೇ ಲೆಕ್ಕ ಹಾಕಬೇಕು. ಆದ್ರೆ ಕೀ ತಿರುಗಿಸಿ, ಡೀಸೆಲ್ ಎಂಜಿನ್ನನ್ನ ಸ್ಟಾರ್ಟ್‌ಗೆ ಮುಂಚೆ ಬಿಸಿ ಮಾಡೋ ಗ್ಲೋ ಪ್ಲಗ್‌ನ ದೀಪ ಆರೋವರೆಗೂ ಕಾಯೋ ಆ ಗಳಿಗೆ, ಬಾಗಿಲು ಹಾಕಿದಾಗಿನ ಆ ಗಟ್ಟಿ ಸದ್ದು, ಟೆಸ್ಟ್ ಡ್ರೈವ್ ಮಾಡಿದ ಯಾವ ಕಾರಲ್ಲೂ ಸಿಗಲಿಲ್ಲ. ಇದರ ಟ್ಯಾಪೆಟ್ ಸೆಟ್ಟಿಂಗ್ (ಎಂಜಿನ್ ವಾಲ್ವ್‌ಗಳ ಸಂದು ಸರಿಮಾಡೋದು) ಅಪ್ಪನೇ ನನಗೆ ಕಲಿಸಿದ್ದು.

ಐಸೋಫಿಕ್ಸ್ ಕೊಂಡಿ (ಮಗುವಿನ ಸೀಟನ್ನು ನೇರವಾಗಿ ಕಾರಿಗೆ ಸಿಕ್ಕಿಸೋ ಕೊಂಡಿ) ಇಲ್ಲದ ಹಳೇ ಕಾರಲ್ಲಿ ಮಗುವಿನ ಸೀಟನ್ನು ಬೆಲ್ಟಿನಿಂದಲೇ ಬಿಗಿದು ಕೂರಿಸಿದವರು ಇದ್ದೀರಾ? ಹೊಸದು ತಗೊಂಡು ಇದನ್ನ ವಾರಕ್ಕೊಮ್ಮೆ ಮಾತ್ರ ಓಡಿಸಿದ್ರೆ ಬ್ಯಾಟರಿ, ಟೈರು, ರಬ್ಬರ್ ಸೀಲುಗಳನ್ನ ಹೇಗೆ ಕಾಪಾಡೋದು? ಅನುಭವ ಇದ್ದವರು ದಯವಿಟ್ಟು ಹೇಳಿ. ಮಾರು ಅನ್ನೋ ಸಲಹೆ ಮಾತ್ರ ಬೇಡ.