ಮರ್‌ಕ್ರೂಸರ್ 5.7: ಎಡಬದಿಯ ಎಕ್ಸಾಸ್ಟ್ ರೈಸರ್ ಮಾತ್ರ ವಿಪರೀತ ಕಾಯುತ್ತಿದೆ, ಎಲ್ಲಿಂದ ಹುಡುಕಲಿ?

ಟ್ಯಾಂಪಾ ದೋಣಿ:

ಎಲ್ಲರಿಗೂ ನಮಸ್ಕಾರ. ಫ್ಲೋರಿಡಾದಲ್ಲಿ ಸೆಕೆಂಡ್ ಹ್ಯಾಂಡ್ ಬೋಟ್ ಒಂದನ್ನು ತೆಗೆದುಕೊಂಡಿದ್ದೇನೆ. ಎಂಜಿನ್ 1998ರ ಮರ್‌ಕ್ರೂಸರ್ 5.7 ವಿ8, ಕಾರ್ಬುರೇಟರ್‌ನದು, ಆಲ್ಫಾ ಒನ್ ಡ್ರೈವ್ (ದೋಣಿಯ ಹಿಂಬದಿಯಲ್ಲಿ ಪ್ರೊಪೆಲ್ಲರ್ ಇರುವ ಘಟಕ). ಹೀಟ್ ಎಕ್ಸ್‌ಚೇಂಜರ್ ಇಲ್ಲ, ಸಮುದ್ರದ ನೀರೇ ಬ್ಲಾಕಿನೊಳಗೂ ಓಡಾಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಕೂಡಿಸುವ ಕೊಳವೆ, ಅದರ ಮೇಲೆ ಕೂರುವ ಬಾಗಿದ ಭಾಗವೇ ರೈಸರ್) ಯಾವಾಗ ಬದಲಾಯಿಸಿದ್ದು ಎಂಬ ದಾಖಲೆ ಇಲ್ಲ.

ಟ್ರೇಲರ್ ಮೇಲೆ ಇಯರ್‌ಮಫ್ (ಡ್ರೈವಿನ ನೀರಿನ ಬಾಯಿಗೆ ಪೈಪಿನ ನೀರು ಕೊಡುವ ರಬ್ಬರ್ ಕಪ್) ಹಾಕಿ 20 ನಿಮಿಷ ಐಡಲ್‌ನಲ್ಲಿ ಓಡಿಸಿ ಟೆಂಪರೇಚರ್ ಗನ್ ಹಿಡಿದೆ. ಬಲಬದಿಯ ರೈಸರ್ 115, ಎಡಬದಿಯದು 190 (ಎಲ್ಲ ಫ್ಯಾರನ್‌ಹೀಟ್). ಡ್ಯಾಶ್‌ಬೋರ್ಡ್ ಗೇಜ್ ಮಾತ್ರ 165ರಲ್ಲೇ ನಿಂತಿದೆ, ಥರ್ಮೋಸ್ಟ್ಯಾಟ್ 160ರದು. ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ) ಹೊಸದು ಹಾಕಿಯಾಯಿತು, ವ್ಯತ್ಯಾಸ ಹಾಗೇ ಇದೆ. ಗೇಜ್ ಸರಿ ಇದ್ದಮೇಲೆ ಓಡಿಸಬಹುದೇ?

ಹೊನ್ನಾವರದವ:

ಓಡಿಸಬೇಡಿ ಸರ್. ಆ ಗೇಜಿನ ಸೆನ್ಸರ್ ಬ್ಲಾಕಿನಿಂದ ಬರುವ ನೀರನ್ನು ನೋಡುತ್ತದೆ, ಮ್ಯಾನಿಫೋಲ್ಡ್ ಕಡೆ ಏನಾಗುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಒಂದು ರೈಸರ್ ಪೂರ್ತಿ ಕಟ್ಟಿಕೊಂಡರೂ ಗೇಜ್ 165 ತೋರಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ರೈಸರಿನ ಹಿಂದಿನ ರಬ್ಬರ್ ಹೋಸ್ ಸುಟ್ಟು, ಎಂಜಿನ್ ಕೋಣೆಗೆ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ನುಗ್ಗಿರುತ್ತವೆ.

ನೀರಿನ ದಾರಿಯನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಡ್ರೈವಿನ ಪಂಪಿನಿಂದ ಪವರ್ ಸ್ಟೀರಿಂಗ್ ಕೂಲರ್ ಮೂಲಕ ಥರ್ಮೋಸ್ಟ್ಯಾಟ್ ಹೌಸಿಂಗ್‌ಗೆ. ಅಲ್ಲಿಂದ ಎರಡು ಹೋಸ್, ಎರಡು ಮ್ಯಾನಿಫೋಲ್ಡ್. ಮ್ಯಾನಿಫೋಲ್ಡಿನಲ್ಲಿ ಮೇಲೇರಿ, ನಡುವಿನ ಗ್ಯಾಸ್ಕೆಟ್ (ಜಾಯಿಂಟಿನ ಸೀಲ್) ದಾಟಿ ರೈಸರ್ ಸೇರಿ, ಅದರ ತುದಿಯಲ್ಲಿ ಹೊಗೆಯ ಜೊತೆ ಬೆರೆತು ಹೊರಕ್ಕೆ. ಹೌಸಿಂಗಿನವರೆಗೆ ದಾರಿ ಒಂದೇ. ಹಾಗಾಗಿ ಇಂಪೆಲ್ಲರ್ ಸೋತರೆ ಸಾಮಾನ್ಯವಾಗಿ ಎರಡೂ ಬದಿ ಕಾಯಬೇಕು. ಒಂದೇ ಬದಿ ಕಾದರೆ ತೊಂದರೆ ದಾರಿ ಕವಲೊಡೆದ ಮೇಲಿನದು.

ಇನ್ನೊಂದು ಮಾತು: ಎಂಜಿನ್ ಕಾದಮೇಲೆ ಮ್ಯಾನಿಫೋಲ್ಡಿಗೆ ಹೋಗುವ ನೀರು ಬ್ಲಾಕಿನ ನೀರಿಗಿಂತ ಬಿಸಿ ಇರಲಾರದು. ನಿಮ್ಮ ಬ್ಲಾಕ್ 165, ರೈಸರ್ 190. ಅಂದರೆ ಅಲ್ಲಿ ಲೋಹವನ್ನು ಕಾಯಿಸುತ್ತಿರುವುದು ಹೊಗೆ, ಅದನ್ನು ತಣಿಸುವಷ್ಟು ನೀರು ಅಲ್ಲಿಗೆ ಮುಟ್ಟುತ್ತಿಲ್ಲ.

ಈಗ ಗನ್ ಹಿಡಿದು ಎಡಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಏಳು ಕಡೆ ಅಳೆಯಿರಿ: ಹೋಸ್, ಮ್ಯಾನಿಫೋಲ್ಡಿನ ಎರಡೂ ತುದಿ, ನಡುಭಾಗ, ಗ್ಯಾಸ್ಕೆಟ್ಟಿನ ಕೆಳಗೆ, ಗ್ಯಾಸ್ಕೆಟ್ಟಿನ ಮೇಲೆ, ರೈಸರಿನ ಬಾಗು. ಬಲಬದಿಯಲ್ಲೂ ಅದೇ ಜಾಗಗಳು. ಬರಿ ಲೋಹ ಹೊಳೆಯುವ ಕಡೆ ಗನ್ ಸುಳ್ಳು ಹೇಳುತ್ತದೆ, ಅಲ್ಲಿ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಮ್ಯಾನಿಫೋಲ್ಡ್ ಕೆಳಗಿನಿಂದಲೇ ಕಾದಿದ್ದರೆ ನೀರು ಒಳಗೇ ಬರುತ್ತಿಲ್ಲ. ಮ್ಯಾನಿಫೋಲ್ಡ್ ತಣ್ಣಗಿದ್ದು ಗ್ಯಾಸ್ಕೆಟ್ ದಾಟಿದ ಕೂಡಲೇ ಏರಿದರೆ ಅಡ್ಡಿ ಆ ಜಾಯಿಂಟಿನಲ್ಲೋ ರೈಸರಿನಲ್ಲೋ ಇದೆ.

ಸ್ಪ್ಯಾನರ್:

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಿಸಿ ಇರುವ ಬದಿಯೇ ಕೆಟ್ಟಿದೆ ಅಂತ ಮೊದಲೇ ತೀರ್ಮಾನಿಸಬೇಡಿ. ಬಲಬದಿಯಲ್ಲಿ ಎರಡು ಸಿಲಿಂಡರ್ ಉರಿಯುತ್ತಿಲ್ಲ ಅಂದರೂ ಆ ರೈಸರ್ ತಣ್ಣಗೇ ಇರುತ್ತದೆ. ನಿಮ್ಮಲ್ಲಿ 190 ಇರುವುದರಿಂದ ಎಡಬದಿಯ ಮೇಲೇ ಅನುಮಾನ ಹೆಚ್ಚು, ಆದರೂ ಹತ್ತು ನಿಮಿಷದ ಕೆಲಸ, ನೋಡಿಬಿಡಿ. ಒಂದೊಂದೇ ಪ್ಲಗ್ಗಿನ ವೈರನ್ನು ಅರ್ತ್ ಮಾಡಿ (ಗಾಳಿಯಲ್ಲಿ ತೆರೆದು ಬಿಡಬೇಡಿ, ಇಗ್ನಿಷನ್ ಮಾಡ್ಯೂಲ್ ಹೋಗುತ್ತದೆ), ಆರ್‌ಪಿಎಂ ಬೀಳಬೇಕು. ಬೀಳದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಕಾರ್ಬುರೇಟರ್ ಬಿಚ್ಚಲು ಹೋಗಬೇಡಿ. ಈ ಎಂಜಿನ್‌ಗಳ ಡ್ಯುಯಲ್ ಪ್ಲೇನ್ ಇನ್‌ಟೇಕಿನಲ್ಲಿ ಒಂದು ಬ್ಯಾರೆಲ್ 1, 4, 6, 7ಕ್ಕೆ, ಇನ್ನೊಂದು 2, 3, 5, 8ಕ್ಕೆ ಕೊಡುತ್ತದೆ. 1, 3, 5, 7 ಎಡಬದಿ, 2, 4, 6, 8 ಬಲಬದಿ. ಒಂದು ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿದರೆ ಎರಡೂ ಬದಿಯಲ್ಲಿ ತಲಾ ಎರಡು ಸಿಲಿಂಡರ್ ಸೊರಗುತ್ತವೆಯೇ ಹೊರತು ಒಂದು ಬದಿ ಮಾತ್ರ ಅಲ್ಲ.

ಟ್ರೇಲರ್ ಸಮತಟ್ಟಾಗಿದೆಯೇ? ಬೋಟ್ ಒಂದು ಕಡೆ ವಾಲಿದ್ದರೆ, ಐಡಲ್‌ನ ಅಲ್ಪ ನೀರು ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗದೆಯೂ ಇರಬಹುದು. 15-20 ಡಿಗ್ರಿ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. 75 ಡಿಗ್ರಿ ಬೇರೆ ಮಾತು.

ಪರೀಕ್ಷೆಗಳನ್ನು ಹೀಗೆ ಮಾಡಿ. ಮೊದಲು ಎಂಜಿನ್ ನಿಲ್ಲಿಸಿ, ಎರಡೂ ಮ್ಯಾನಿಫೋಲ್ಡಿನ ಅಡಿಯ ಹಿತ್ತಾಳೆ ಡ್ರೈನ್ ಪ್ಲಗ್ ಬಿಚ್ಚಿ. ನೀರು ಧಾರೆಯಾಗಿ ಬರಬೇಕು. ಬರೀ ತೊಟ್ಟಿಕ್ಕಿದರೆ ತಂತಿ ಹಾಕಿ ಕೆದಕಿ. ಆಗಲೂ ಕೆಸರಿನಂಥ ತುಕ್ಕು ಬಂದರೆ ಒಳಗಿನ ಕಥೆ ಅಲ್ಲೇ ಗೊತ್ತಾಯಿತು.

ಎರಡನೆಯದು ಬಕೆಟ್. ಎಂಜಿನ್ ಪೂರ್ತಿ ತಣ್ಣಗಿರುವಾಗ ಎರಡೂ ಹೋಸ್‌ಗಳನ್ನು ಮ್ಯಾನಿಫೋಲ್ಡ್ ತುದಿಯಲ್ಲಿ ಬಿಚ್ಚಿ 10 ಲೀಟರಿನ ಎರಡು ಬಕೆಟ್‌ಗೆ ಬಿಡಿ, ಐಡಲ್‌ನಲ್ಲಿ 15 ಸೆಕೆಂಡ್ ಓಡಿಸಿ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬೇಡ, ಆ ಹೊತ್ತಿನಲ್ಲಿ ರೈಸರಿಗೆ ಹೊಸ ನೀರೇ ಇರುವುದಿಲ್ಲ. ಎರಡೂ ಬಕೆಟ್ ಹೆಚ್ಚುಕಡಿಮೆ ಸಮ ಇದ್ದರೆ ಹೌಸಿಂಗ್, ಹೋಸ್ ಎರಡೂ ನಿರ್ದೋಷಿ. ಎಡದ್ದು ಕಡಿಮೆ ಇದ್ದರೆ ಹೌಸಿಂಗಿನ ಕಡೆಯ ತುದಿಯನ್ನೂ ಬಿಚ್ಚಿ, ಹಳೆ ಇಂಪೆಲ್ಲರಿನ ಮುರಿದ ರೆಕ್ಕೆ ಬಾಯಲ್ಲಿ ಸಿಕ್ಕಿಕೊಂಡಿದೆಯೇ, ಹೋಸಿನ ಒಳಪದರ ಕಿತ್ತು ಮುಚ್ಚಳದಂತೆ ಅಡ್ಡ ನಿಂತಿದೆಯೇ ನೋಡಿ. ಹೊರಗಿನಿಂದ ಇದು ಕಾಣುವುದಿಲ್ಲ, ಬೆರಳು ಹಾಕಿಯೇ ನೋಡಬೇಕು. ಇನ್ನೂ ಸಂಶಯವಿದ್ದರೆ ಎರಡೂ ಹೋಸನ್ನು ಹೌಸಿಂಗ್ ತುದಿಯಲ್ಲಿ ಅದಲುಬದಲು ಮಾಡಿ. ಬಿಸಿ ಬಲಕ್ಕೆ ಹಾರಿದರೆ ದೋಷ ಹೌಸಿಂಗಿನಲ್ಲಿ, ಎಡದಲ್ಲೇ ಉಳಿದರೆ ಅದರಿಂದ ಮುಂದಕ್ಕೆ.

ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಬ್ಲೋವರ್ (ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರದೂಡುವ ಫ್ಯಾನ್) 4 ನಿಮಿಷ ಓಡಲಿ, ಪೆಟ್ರೋಲ್ ಎಂಜಿನ್ ಅದು.

ಟ್ಯಾಂಪಾ ದೋಣಿ:

ಧನ್ಯವಾದ. ಫಲಿತಾಂಶ: ಎಂಟೂ ಸಿಲಿಂಡರ್ ಉರಿಯುತ್ತಿವೆ. ಬಕೆಟ್ ಎರಡೂ ಸಮ. ಎಡ ಮ್ಯಾನಿಫೋಲ್ಡ್ ನಡುಭಾಗ 130, ಗ್ಯಾಸ್ಕೆಟ್ ದಾಟುತ್ತಿದ್ದಂತೆ 185. ಎಡ ಡ್ರೈನಿನಿಂದ ಕೆಂಪು ಕೆಸರು ಬಂತು. ರೈಸರ್ ಎತ್ತಿದೆ. ಮುಂದಿನ ನೀರಿನ ತೂತು ತುಕ್ಕಿನ ಚಕ್ಕೆಯಿಂದ ಪೂರ್ತಿ ಮುಚ್ಚಿದೆ, ಹಿಂದಿನದು ಅರ್ಧ. ಇನ್ನೊಂದು ವಿಚಿತ್ರ: ಎಡಬದಿಯ ಗ್ಯಾಸ್ಕೆಟ್ಟಿನಲ್ಲಿ ನೀರಿನ ತೂತು ಸಣ್ಣದು, ಬಲದ್ದು ಅಗಲ. ಆಸಿಡ್ ಹಾಕಿ ತೊಳೆದರೆ ಸಾಕೇ?

ಹೊನ್ನಾವರದವ:

ಎರಡು ಕಾರಣ ಒಟ್ಟಿಗೆ ಸಿಕ್ಕಿವೆ. ಸಣ್ಣ ತೂತಿನದು ರೆಸ್ಟ್ರಿಕ್ಟರ್ ಗ್ಯಾಸ್ಕೆಟ್, ಕೆಲವು ಕೂಲಿಂಗ್ ಜೋಡಣೆಗಳಲ್ಲಿ ಅದೇ ಬೇಕು. ಆದರೆ ಒಂದು ಬದಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಹಾಕಬಾರದು. ನೀರು ಸುಲಭದ ದಾರಿ ಹಿಡಿದು ಬಲಕ್ಕೇ ಹೋಯಿತು, ಎಡದಲ್ಲಿ ಹರಿವು ನಿಧಾನವಾಗಿ ಚಕ್ಕೆಗಳು ಅಲ್ಲೇ ನಿಂತವು. ಯಾವ ಗ್ಯಾಸ್ಕೆಟ್ ಎಂಬುದನ್ನು ಎಂಜಿನ್ ಸೀರಿಯಲ್ ನಂಬರ್ ಕೊಟ್ಟೇ ತರಿಸಿ, ಅಂಗಡಿಯವರ ಅಂದಾಜು ಬೇಡ.

ಆಸಿಡ್ ಬೇಡ. ಸುಣ್ಣದ ಪದರಕ್ಕೆ ಆಸಿಡ್ ಸರಿ, ಚಕ್ಕೆ ಏಳುತ್ತಿದೆ ಅಂದರೆ ಬೀಡುಕಬ್ಬಿಣದ ಗೋಡೆಯೇ ಸವೆದಿದೆ. ಆಸಿಡ್ ಆ ತುಕ್ಕನ್ನು ತಿಂದರೆ ಅದು ಮುಚ್ಚಿಟ್ಟಿದ್ದ ಸೂಜಿತೂತು ಬಾಯಿ ಬಿಡುತ್ತದೆ. ನಿಮ್ಮದು ಹಳೆಯ ವೆಟ್ ಜಾಯಿಂಟ್, ನೀರು ಮತ್ತು ಹೊಗೆ ಒಂದೇ ಗ್ಯಾಸ್ಕೆಟ್ಟಿನ ಅಕ್ಕಪಕ್ಕ. ಅಲ್ಲಿ ಒಳಕ್ಕೆ ಸೋರಿದರೆ ಎಂಜಿನ್ ನಿಂತಿರುವಾಗ ನೀರು ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ, ಮತ್ತೆ ಕ್ರ್ಯಾಂಕ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎರಡೂ ಬದಿಯ ಮ್ಯಾನಿಫೋಲ್ಡ್ ಮತ್ತು ರೈಸರ್ ಒಟ್ಟಿಗೆ ಹೊಸದು ಹಾಕಿ. ಬಲದ್ದೂ ಅಷ್ಟೇ ಉಪ್ಪುನೀರು ಕುಡಿದಿದೆ.

ಸ್ಪ್ಯಾನರ್:

ಒಪ್ಪಿದೆ. ಹೊಸದು ತರಿಸುವ ಮುಂಚೆ ಎಂಟೂ ಪ್ಲಗ್ ತೆಗೆದು ತುದಿಯಲ್ಲಿ ತುಕ್ಕು ಇದೆಯೇ ನೋಡಿ, ಕಂಪ್ರೆಷನ್ ಅಳೆಯಿರಿ. ಅತಿ ಕಡಿಮೆ ಇರುವ ಸಿಲಿಂಡರ್, ಅತಿ ಹೆಚ್ಚಿನದರ 70 ಶೇಕಡಾಕ್ಕಿಂತ ಕೆಳಗಿದ್ದರೆ ಮ್ಯಾನಿಫೋಲ್ಡಿಗೆ ದುಡ್ಡು ಹಾಕುವ ಮುಂಚೆ ಹೆಡ್ ಬಗ್ಗೆ ಯೋಚಿಸಬೇಕು.

ಜೋಡಿಸುವಾಗ ಎರಡೂ ಮುಖಗಳನ್ನು ಸ್ಕ್ರೇಪರ್‌ನಿಂದ ಬರಿ ಲೋಹ ಬರುವ ತನಕ ಕೆರೆದು, ಗ್ಯಾಸ್ಕೆಟ್ಟಿನ ತೂತು ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರುತ್ತದೆಯೇ ಎಂದು ಒಣದಾಗಿಯೇ ಇಟ್ಟು ನೋಡಿ. ಬೋಲ್ಟ್‌ಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಎರಡು ಸುತ್ತು ಬಿಗಿಗೊಳಿಸಿ, ಟಾರ್ಕ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ. ರೈಸರ್ ಕೆಳಗಿನ ರಬ್ಬರ್ ಹೋಸನ್ನು ಹಿಂಡಿ ನೋಡಿ. ಒಳಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಕ್ಲಾಂಪ್ ಪ್ರತಿ ತುದಿಗೆ ಎರಡು. ಅಲ್ಲೇ ಒಳಗಿನ ರಬ್ಬರ್ ಫ್ಲ್ಯಾಪರ್ (ನೀರು ಹಿಂದಕ್ಕೆ ಬರದಂತೆ ತಡೆಯುವ ಎಲೆ) ಕೂಡ ನೋಡಿ. 190 ಡಿಗ್ರಿಯಲ್ಲಿ ಓಡಿದ ಬದಿಯಲ್ಲಿ ಅದು ಸುಟ್ಟು ಮಡಚಿಕೊಂಡು ಹೊಗೆಯ ದಾರಿಗೆ ಅಡ್ಡ ಬಿದ್ದಿರುವುದುಂಟು.

ಮಫ್ ಮೇಲೆ 1500 ಆರ್‌ಪಿಎಂ ದಾಟಬೇಡಿ, ಅಲ್ಲಿ ಬರುವ ಅಳತೆಯೂ ಅರ್ಧ ಸತ್ಯ. ಬೋಟನ್ನು ನೀರಿಗಿಳಿಸಿ 3000ದಲ್ಲಿ 10 ನಿಮಿಷ ಓಡಿಸಿ, ಇನ್ನೊಬ್ಬರು ಸ್ಟೀರಿಂಗ್ ಹಿಡಿದಿರುವಾಗಲೇ ಅದೇ ಟೇಪ್ ತುಂಡುಗಳ ಮೇಲೆ ಮತ್ತೆ ಅಳೆದು ಇಲ್ಲಿ ಹಾಕಿ.