‘ಮರುತರಬೇತಿ’ಗೆ ಬೇರೆ ಪದ ಉಂಟಾ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಏಳು ಜನರಿಗೆ ಒಂದು ಕ್ಲಾಸ್ ನಡೆಸುತ್ತಿದ್ದೇನೆ. ಅವರನ್ನು ವಿದ್ಯಾರ್ಥಿಗಳು ಅನ್ನಲು ನಾಲಿಗೆ ಹೊರಳುವುದಿಲ್ಲ. ಏಳರಲ್ಲಿ ಐದು ಮಂದಿ ನನಗಿಂತ ಹಿರಿಯರು. ಸಹಕಾರಿ ಸಂಘ, ಅಡಿಕೆ ಮಂಡಿ, ಗೇರುಬೀಜದ ಕಾರ್ಖಾನೆ, ಹೀಗೆ ಊರಿನ ವ್ಯಾಪಾರಕ್ಕೆಲ್ಲ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟವರು. ಐವರದ್ದು ಫಾಕ್ಸ್‌ಪ್ರೊ, ಇಬ್ಬರದ್ದು ಕೋಬಾಲ್, ಎರಡೂ ಹಳೆಯ ಕಾಲದ ಪ್ರೋಗ್ರಾಮಿಂಗ್ ಭಾಷೆಗಳು. ಈಗ ವೆಬ್ ಕೆಲಸ ಕಲಿಯಬೇಕೆಂದು ಬಂದಿದ್ದಾರೆ. ಮುಂದಿನ ತಂಡಕ್ಕೆ ಒಂದು ಕರಪತ್ರ ಮಾಡಿದೆ. ‘ಹಳೆಯ ಪ್ರೋಗ್ರಾಮರ್‌ಗಳಿಗೆ ವೆಬ್ ಮರುತರಬೇತಿ’ ಎಂದು ದಪ್ಪಕ್ಷರದಲ್ಲಿ ಬರೆದು, ಅಚ್ಚಿಗೆ ಕೊಡುವ ಮೊದಲು ಇವರಿಗೆ ತೋರಿಸಿದೆ. ತಪ್ಪಾಯಿತು.

ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: “ಮರು ಅಂದ್ರೆ ಎಂತ ಮಾರಾಯ್ರೇ? ನಾವೇನು ಫೇಲಾದವರಾ?”

ಅಲ್ಲಿಂದ ಶುರುವಾದ ಚರ್ಚೆ ಮೂರು ಭಾನುವಾರ ತಿಂದಿದೆ. ಅದಕ್ಕೇ ನಿಮ್ಮ ಹತ್ತಿರ ಬಂದೆ.

ಅವರ ಸಿಟ್ಟು ಸುಮ್ನೆ ಅಲ್ಲ. ಮರುಪರೀಕ್ಷೆ, ಮರುಎಣಿಕೆ, ಮರುಮೌಲ್ಯಮಾಪನ, ಎಲ್ಲದರಲ್ಲೂ ಮೊದಲ ಸಲದ್ದು ಎಲ್ಲೋ ಕೆಟ್ಟಿದೆ ಎಂಬ ಸುಳಿವಿದೆ. ಮರುಕಳಿಸುವುದು ಅಂದರಂತೂ ಜ್ವರವೇ ನೆನಪಾಗುತ್ತದೆ. ಆದರೆ ‘ಮರು’ ಯಾವಾಗಲೂ ಹಾಗಲ್ಲ. ಮರುದಿನ ಅಂದರೆ ನಿನ್ನೆಯೇ ಮತ್ತೊಮ್ಮೆ ಬಂತು ಎಂದಲ್ಲ, ಮುಂದಿನ ದಿನ. ಮರುಟಪಾಲು ಅಂದರೆ ಉತ್ತರವಾಗಿ ಬರುವ ಟಪಾಲು. ಹಾಗೆ ನೋಡಿದರೆ ಮರುತರಬೇತಿ ಅಂದರೆ ‘ಮುಂದಿನ ತರಬೇತಿ’ ಎಂದು ವಾದಿಸಬಹುದು. ವಾದಿಸಿಯೂ ನೋಡಿದೆ. “ನಮಗೆ ಗೊತ್ತಿರುವ ಮರು ಒಂದೇ, ಮರುವಾಯಿ” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. (ಘಟ್ಟದ ಮೇಲಿನವರಿಗೆ: ಮರುವಾಯಿ ಅಂದರೆ ನಮ್ಮ ಹೊಳೆಗಳಲ್ಲಿ ಸಿಗುವ ಚಿಪ್ಪಿನ ಜೀವಿ. ಸುಕ್ಕ ಮಾಡಿದರೆ ಬಹಳ ರುಚಿ. ಈ ಚರ್ಚೆಗೂ ಅದಕ್ಕೂ ಏನೂ ಸಂಬಂಧವಿಲ್ಲ.)

ತರಬೇತಿ ಎಂಬ ಪದವೂ ಇಲ್ಲಿ ಕಾಲಿಗೆ ತೊಡರುತ್ತದೆ. ಅದರ ಮೂಲ ಅರಬ್ಬಿಯ ‘ತರ್ಬಿಯತ್’. ಮಕ್ಕಳನ್ನು ಸಾಕಿ ಬೆಳೆಸುವುದು ಎಂಬ ಅರ್ಥ. ಅಂದರೆ ಅರುವತ್ತು ದಾಟಿದವರನ್ನು ನಾನು ಇನ್ನೊಮ್ಮೆ ಸಾಕಲು ಹೊರಟಿದ್ದೇನೆ! ಈಗ ಆ ಅರ್ಥ ಯಾರ ತಲೆಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಕೊಡುವವನೊಬ್ಬ, ಪಡೆಯುವವನೊಬ್ಬ ಎಂಬ ಭಾವ ಇನ್ನೂ ಹೋಗಿಲ್ಲ. ತರಬೇತಿ ‘ಕೊಡುತ್ತಾರೆ’, ‘ಪಡೆಯುತ್ತಾರೆ’. ಮಾಡುವವನು ಯಾವಾಗಲೂ ಆಚೆ ಬದಿಯವನು.

‘ಪುನಶ್ಚೇತನ ಶಿಬಿರ’ ಎಂದು ಒಬ್ಬರು ಹೇಳಿದರು. ಶಿಕ್ಷಕರಿಗೆ ನಡೆಸುವ ಶಿಬಿರಗಳಿಗೆ ಆ ಹೆಸರಿದೆ. ಪ್ರಜ್ಞೆ ತಪ್ಪಿದವರಿಗೆ ನೀರು ಚಿಮುಕಿಸಿದ ಹಾಗೆ ಕೇಳುತ್ತದೆ. ಅದನ್ನು ಅಲ್ಲೇ ಬಿಟ್ಟೆವು.

ಪದ ಯಾಕೆ ಹೊಂದುವುದಿಲ್ಲ ಎಂದು ತಿಳಿಯಬೇಕಾದರೆ ಕ್ಲಾಸಿನಲ್ಲಿ ಏನಾಗುತ್ತಿದೆ ಎಂದು ಸ್ವಲ್ಪ ಹೇಳಬೇಕು.

ಫಾಕ್ಸ್‌ಪ್ರೊದವರಿಗೆ ವೆಬ್‌ನಲ್ಲಿ ಕಷ್ಟವಾದದ್ದು ಭಾಷೆ ಅಲ್ಲ. ಅವರ ಪ್ರೋಗ್ರಾಮ್ ಕಾಯುತ್ತಿತ್ತು. ‘ಸೇ’, ‘ಗೆಟ್’ ಎಂದು ಪರದೆಯ ಮೇಲೆ ಖಾನೆಗಳನ್ನು ಬಿಡಿಸಿ, ‘ರೀಡ್’ ಎಂದರೆ ಮುಗಿಯಿತು. ಗುಮಾಸ್ತರು ಚಾ ಕುಡಿದು ಬಂದರೂ ಪ್ರೋಗ್ರಾಮ್ ಅಲ್ಲೇ ನಿಂತಿರುತ್ತಿತ್ತು, ಯಾವ ಸದಸ್ಯನ ಯಾವ ಸಾಲ ಎಂದು ನೆನಪಿಟ್ಟುಕೊಂಡು. ವೆಬ್ ಸರ್ವರ್ ಹಾಗಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ನಿಮ್ಮನ್ನು ಮರೆತುಬಿಡುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ನೀವು ಅದಕ್ಕೆ ಹೊಸಬರು. ಇದಕ್ಕೆ ಪಠ್ಯದಲ್ಲಿ ‘ಸ್ಥಿತಿರಹಿತ’ ಎಂದು ಬರೆದಿದ್ದೆ. ಯಾರಿಗೂ ಹಿಡಿಯಲಿಲ್ಲ. ‘ಮರೆಗುಳಿ’ ಎಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಈಗ ನಮ್ಮಲ್ಲಿ ಸರ್ವರ್ ಮರೆಗುಳಿ.

ಆಗ ಕೋಬಾಲ್‌ನವರೊಬ್ಬರು ಬಾಯಿಬಿಟ್ಟರು. ಅವರು ಬೊಂಬಾಯಿಯಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಮೇಲೆ ಬಹಳ ವರ್ಷ ದುಡಿದು ಊರಿಗೆ ಬಂದವರು. “ಇದರಲ್ಲಿ ಹೊಸತು ಎಂತ ಉಂಟು? ನಮ್ಮ ಸಿಐಸಿಎಸ್ ಹೀಗೇ ಅಲ್ವಾ?” ಎಂದರು. ಸರಿಯಾದ ಮಾತು. 1969ರಲ್ಲಿ ಐಬಿಎಂ ಹೊರತಂದ ಆ ವ್ಯವಸ್ಥೆಯಲ್ಲಿ ಪ್ರೋಗ್ರಾಮ್ ಪರದೆ ಕಳಿಸಿ, ಒಂದು ಸಣ್ಣ ಜಾಗದಲ್ಲಿ ಗುರುತು ಬಿಟ್ಟು, ತಾನು ಮುಗಿದುಹೋಗುವಂತೆ ಬರೆಯುವುದೇ ರೂಢಿ. ಬಳಕೆದಾರ ಎಂಟರ್ ಒತ್ತಿದಾಗ ಇನ್ನೊಮ್ಮೆ ಹುಟ್ಟಿ, ಆ ಗುರುತು ನೋಡಿ ಮುಂದುವರಿಯುತ್ತಿತ್ತು. ಸಾವಿರಾರು ಜನ ಒಂದೇ ಯಂತ್ರಕ್ಕೆ ಜೋತುಬಿದ್ದಾಗ ಕಾಯುತ್ತಾ ಕುಳಿತರೆ ಜಾಗ ಸಾಲುವುದಿಲ್ಲ, ಅದಕ್ಕೆ. ವೆಬ್‌ನಲ್ಲಿ ಈ ಗುರುತಿನ ಕೆಲಸ ಕುಕೀಯದ್ದು, ಅಂದರೆ ಸರ್ವರ್ ನಿಮ್ಮ ಬ್ರೌಸರ್‌ನಲ್ಲಿ ಇಡಿಸುವ ಸಣ್ಣ ಚೀಟಿಯದ್ದು. ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮಾಂಟುಲ್ಲಿ ಅದನ್ನು ತಂದದ್ದು 1994ರಲ್ಲಿ. ಅಂದರೆ ಇಪ್ಪತ್ತೈದು ವರ್ಷ ತಡವಾಗಿ.

ಕುಕೀಗೆ ನಾವು ‘ಬಿಲ್ಲೆ’ ಎನ್ನುತ್ತೇವೆ. ನಾಲ್ಕೈದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಚೆಕ್ ಕೊಟ್ಟರೆ ಕೈಗೆ ಬರುತ್ತಿದ್ದ ಹಿತ್ತಾಳೆ ಬಿಲ್ಲೆ ಯಾರಿಗೆ ನೆನಪಿಲ್ಲ? ಬಿಲ್ಲೆಯಲ್ಲಿ ನಿಮ್ಮ ಹೆಸರಿಲ್ಲ, ಹಣವಿಲ್ಲ, ಬರೀ ನಂಬರು. ಕ್ಯಾಷಿಯರ್‌ಗೆ ನಿಮ್ಮ ಮುಖ ಗೊತ್ತಿರಬೇಕೆಂದೇ ಇಲ್ಲ. ಬಿಲ್ಲೆ ಕಳಕೊಂಡರೆ ಫಜೀತಿ, ಬೇರೆಯವರ ಕೈಗೆ ಸಿಕ್ಕಿದರೆ ಇನ್ನೂ ಫಜೀತಿ. ಭದ್ರತೆಯ ಅರ್ಧ ಪಾಠ ಅಲ್ಲಿಗೇ ಮುಗಿಯಿತು.

ಇನ್ನೊಂದು ದಿನ ವೆಬ್‌ನ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ತೋರಿಸಿದೆ. ಉತ್ತರ 0.30000000000000004 ಎಂದು ಬರುತ್ತದೆ. ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಡುವಾಗ ಆಗುವ ಸಣ್ಣ ತಪ್ಪು ಅದು. ಕಾಲೇಜು ಹುಡುಗರು ಇದಕ್ಕೆ ನಗುತ್ತಾರೆ. ಇವರು ನಗಲಿಲ್ಲ. “ಈ ಕೊನೆಯ ನಾಲ್ಕು ಯಾರ ಖಾತೆಗೆ?” ಎಂದು ಕೇಳಿದರು. ಕೋಬಾಲ್ 1959ರಲ್ಲಿ ರೂಪುಗೊಂಡದ್ದೇ ವ್ಯವಹಾರದ ಲೆಕ್ಕಕ್ಕೆ. ಚುಕ್ಕಿಯ ಹಿಂದೆ ಎಷ್ಟು ಅಂಕಿ, ಮುಂದೆ ಎಷ್ಟು ಎಂದು ಮೊದಲೇ ಬರೆದಿಡಬೇಕು. ಹಣವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ ಎಂದು ನಾನು ಹೇಳುವ ಮೊದಲು ಅವರೇ ಹೇಳಿದರು.

ಇಂಥವರಿಗೆ ‘ಮರು’ ಏನು ಕಲಿಸುವುದು? ಅವರಿಗೆ ಲೆಕ್ಕ ಗೊತ್ತು, ವ್ಯಾಪಾರ ಗೊತ್ತು, ಮಾರ್ಚ್ ಕೊನೆಯ ರಾತ್ರಿ ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಗೊತ್ತು. ಬದಲಾಗುವುದು ಕೈಯ ಅಭ್ಯಾಸ. ಅದಕ್ಕೆ ಪದ ಬೇಕು.

ಕಾರ್ಕಳದ ಕಡೆ ತೋಟ ಇರುವವರೊಬ್ಬರು ‘ಕಸಿ’ ಎಂದರು. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟುತ್ತಾರಲ್ಲ, ಹಾಗೆ. ಬೇರು ಹಳತು, ಫಸಲು ಹೊಸತು. ‘ಕಸಿಕಲಿಕೆ’ ಎಂದು ಜೋಡಿಸಿದರೆ ಕಿವಿಗೂ ಹಿತ. ನನಗೆ ಬಹಳ ಹಿಡಿಸಿತು, ಎರಡು ವಾರ ಬಳಸಿದೆ ಕೂಡ. ಆಮೇಲೆ ಆ ಹಿರಿಯರೇ ತಕರಾರು ತೆಗೆದರು. “ಕಸಿ ಕಟ್ಟುವ ಮೊದಲು ಬುಡದ ಗಿಡದ ತಲೆ ಕಡೀತಾರೆ. ನಮ್ಮ ಹತ್ತಿರ ಇರುವುದು ತಲೆ ಒಂದೇ.” ಮತ್ತೇನು ಹೇಳಲಿ? ಅದೂ ಅಲ್ಲದೆ ಕರಪತ್ರದಲ್ಲಿ ‘ಕಸಿ’ ಎಂದು ಕಂಡರೆ ನಮ್ಮೂರಲ್ಲಿ ಕೃಷಿಕರೇ ಚೂರಿ ಹಿಡಿದು ಬರುತ್ತಾರೆ.

ಈಗ ನನ್ನ ಮನಸ್ಸು ನಿಂತಿರುವುದು ‘ತಿಟ್ಟು’ ಎಂಬ ಪದದ ಮೇಲೆ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂದು ಎರಡು ಶೈಲಿ ಇವೆ. ತೆಂಕಿನ ಕಲಾವಿದ ಬಡಗಿಗೆ ಬಂದರೆ ಹೆಜ್ಜೆ ಬೇರೆ, ಚೆಂಡೆ ಬೇರೆ, ವೇಷ ಬೇರೆ. ಮೊದಮೊದಲು ಕಾಲು ಹಳೆಯ ಕಡೆಗೇ ಎಳೆಯುತ್ತದೆ. ಆದರೆ ಪ್ರಸಂಗ ಗೊತ್ತು, ಪುರಾಣ ಗೊತ್ತು, ಅರ್ಥ ಹೇಳುವ ಕಸುಬು ಕೈಬಿಟ್ಟಿಲ್ಲ. ಅವನನ್ನು ಯಾರೂ ಹೊಸಬ ಅನ್ನುವುದಿಲ್ಲ. ತಿಟ್ಟು ಬದಲಿಸಿದ ಅನ್ನುತ್ತಾರೆ. ಬದಲಿಸಿದವನು ಅವನೇ, ಬೇರೆ ಯಾರೂ ಅಲ್ಲ. ನನಗೆ ಬೇಕಾದದ್ದು ಅದು. ಕ್ರಿಯಾಪದಕ್ಕೆ ‘ತಿಟ್ಟು ಬದಲಿಸು’, ನಾಮಪದಕ್ಕೆ ‘ತಿಟ್ಟುಬದಲಿ’.

‘ಹಳೆಯ’ ಎಂಬುದಕ್ಕೂ ಜಗಳ ಉಂಟು, ಅದು ಸಣ್ಣದು. ಇಂಗ್ಲಿಷಿನವರು ಲೆಗಸಿ ಅನ್ನುವುದು ಬರೀ ಹಳತಾದದ್ದಕ್ಕಲ್ಲ, ಹಳತಾದರೂ ಬಿಡಲಾಗದ್ದಕ್ಕೆ. ಕ್ಲಾಸಿನಲ್ಲಿ ತುಳುವಿನ ‘ಪರತ್’ ಓಡುತ್ತದೆ, ಆದರೆ ಅದೂ ಬರೀ ಹಳತೇ. ‘ಪರಂಪರಾಗತ’ ಅಂದರೆ ಮಠದ ವಾಸನೆ. ‘ಬಳುವಳಿ’ ಚೆಂದ, ಆದರೆ ಪ್ರೀತಿಯಿಂದ ಕೊಟ್ಟದ್ದು ಎಂಬ ಧ್ವನಿ ಇದೆ. ನಮ್ಮ ಜಿಲ್ಲೆಯ ಹಳೆಯ ಭೂಗೇಣಿ ಪದ್ಧತಿಯ ‘ಮೂಲಗೇಣಿ’ ನೋಡಿ. ಚಾಲಗೇಣಿ ವರ್ಷದಿಂದ ವರ್ಷಕ್ಕೆ ಇರುತ್ತಿತ್ತು. ಮೂಲಗೇಣಿ ಒಕ್ಕಲು ಹಾಗಲ್ಲ, ಗೇಣಿ ಕೊಡುತ್ತಿರುವಷ್ಟು ಕಾಲ ಎಬ್ಬಿಸುವ ಹಾಗಿರಲಿಲ್ಲ. ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ 2015ರಲ್ಲಿ ಬೆಂಬಲ ನಿಲ್ಲಿಸಿತು. ಆದರೂ ನನಗೆ ಗೊತ್ತಿರುವ ಒಂದು ಕೌಂಟರಿನಲ್ಲಿ ಅದು ಇವತ್ತಿಗೂ ಬಡ್ಡಿ ಲೆಕ್ಕ ಹಾಕುತ್ತಾ ಕುಳಿತಿದೆ. ‘ಮೂಲಗೇಣಿ ಪ್ರೋಗ್ರಾಮ್’ ಅಂದರೆ ಇಲ್ಲಿ ಎಲ್ಲರೂ ನಗುತ್ತಾರೆ, ಅರ್ಥವಾಗಿಯೇ ನಗುತ್ತಾರೆ. ಜನರಿಗೆ ಮಾತ್ರ ಆ ಪದ ಹಚ್ಚಬಾರದು. ಹಳತಾದದ್ದು ಪ್ರೋಗ್ರಾಮ್, ಪ್ರೋಗ್ರಾಮರ್ ಅಲ್ಲ.

ಇವರು ಪದ ಕಟ್ಟುವುದರಲ್ಲೂ ಕಡಿಮೆ ಇಲ್ಲ. ಫಾಕ್ಸ್‌ಪ್ರೊದ ಸಾದಾ ಟೇಬಲ್‌ನಲ್ಲಿ ಕಾಲಮ್ಮಿನ ಹೆಸರಿಗೆ ಹತ್ತೇ ಅಕ್ಷರ. ಇಂಗ್ಲಿಷ್ ಲಿಪಿಯಲ್ಲಿ ‘ಅಖೈರು ಶಿಲ್ಕು’ (ಕೊನೆಗೆ ಉಳಿದ ಹಣ) ಅದರಲ್ಲಿ ಹಿಡಿಸುವುದಿಲ್ಲವೆಂದು ‘ಅಖ್‌ಶಿಲ್ಕ್’ ಮಾಡಿಟ್ಟಿದ್ದಾರೆ. ಕಿರ್ದಿ, ಖತಾವಣಿ, ತೇರೀಜು, ಈ ಹಳೆಯ ಲೆಕ್ಕದ ಪದಗಳೆಲ್ಲ ಅವರ ಕೋಡ್‌ನಲ್ಲಿ ಜೀವಂತ ಇವೆ. ಅದರ ಪಟ್ಟಿ ಇನ್ನೊಂದು ದಿನ ಕಳಿಸುತ್ತೇನೆ.

ಈಗ ನನ್ನ ಪ್ರಶ್ನೆ. ತಿಟ್ಟು ಎಂಬ ಪದ ಮೈಸೂರು, ಕಲಬುರಗಿ, ಧಾರವಾಡದವರಿಗೆ ವಿವರಣೆ ಇಲ್ಲದೆ ತಲುಪುತ್ತದಾ? ಧಾರವಾಡದವರು ಹಿಂದುಸ್ತಾನಿ ಸಂಗೀತದ ಹಾಗೆ ಘರಾಣೆ ಅನ್ನಬಹುದು, ಆದರೆ ಘರಾಣೆ ಬದಲಿಸುವುದು ಅಷ್ಟು ಹಗುರದ ಮಾತಲ್ಲ ಅಲ್ವಾ? ನೇಯ್ಗೆ, ಮರಗೆಲಸ, ಅಡುಗೆ, ಯಾವ ಕಸುಬಿನಲ್ಲಾದರೂ ಕೆಲಸ ಬಲ್ಲವನು ಹೊಸ ಉಪಕರಣಕ್ಕೆ ಕೈ ಹೊರಳಿಸುವುದಕ್ಕೆ ನಿಮ್ಮ ಕಡೆ ಪದ ಇದ್ದರೆ ತಿಳಿಸಿ. ಕಟ್ಟಿದ ಪದ ಬೇಡ, ಆಡುವ ಪದವೇ ಬೇಕು.

ಅಚ್ಚಿನವರು ಗುರುವಾರದ ತನಕ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಏನೂ ಸಿಗದಿದ್ದರೆ ‘ವೆಬ್ ಕ್ಲಾಸ್, ಭಾನುವಾರ ಒಂಬತ್ತೂವರೆಗೆ’ ಎಂದಷ್ಟೇ ಹಾಕಿಸುತ್ತೇನೆ.