ಸರ್ಬಿಯನ್ ಭಾಷೆಗೆ ಸುರಕ್ಷತಾ ಪಠ್ಯಗಳು: ಅನುವಾದಕರ ಆಯ್ಕೆ ಕುರಿತು ತಜ್ಞರೊಂದಿಗೆ ಪ್ರಶ್ನೋತ್ತರ

ಪೀಣ್ಯದ ಯಂತ್ರ ತಯಾರಕರು: ಮೇಡಂ, ನಮ್ಮ ಪ್ರೆಸ್ ಯಂತ್ರವೊಂದು ನೋವಿ ಸಾದ್ ನಗರಕ್ಕೆ ಹೋಗಲಿದೆ. ಇಂಗ್ಲಿಷ್ ಕೈಪಿಡಿಯನ್ನು ಸರ್ಬಿಯನ್‌ಗೆ ತರುವವರನ್ನು ಎಲ್ಲಿ ಹುಡುಕಬೇಕು?

ತಜ್ಞೆ: ಸರ್ಬಿಯಾದ ವೈಜ್ಞಾನಿಕ ಮತ್ತು ತಾಂತ್ರಿಕ ಅನುವಾದಕರ ಸಂಘದಿಂದ ಆರಂಭಿಸಿ. ಸರ್ಬಿಯನ್ ಮಾತೃಭಾಷೆಯಾಗಿರುವ, ಯಂತ್ರಗಳ ಕೈಪಿಡಿಗಳನ್ನೇ ಮಾಡಿದ ಅನುಭವವಿರುವವರನ್ನು ಆರಿಸಿ. ಅನುವಾದ ಸೇವೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 17100ರ ಪ್ರಕಾರ ಅನುವಾದವನ್ನು ಇನ್ನೊಬ್ಬರು ಮೂಲದೊಂದಿಗೆ ಹೋಲಿಸಿ ಪರಿಷ್ಕರಿಸಲೇಬೇಕು. ಆ ಎರಡನೆಯವರು ಯಾರೆಂದು ಮೊದಲೇ ಕೇಳಿ.

ನಂಜನಗೂಡಿನ ರಫ್ತುದಾರರು: ನಾವು ಕಾಸ್ಟಿಕ್ ಸೋಡಾ ಇರುವ ಶುಚಿಕಾರಕವನ್ನು ಕಳುಹಿಸುತ್ತಿದ್ದೇವೆ. ಅದರ ಎಸ್‌ಡಿಎಸ್‌, ಅಂದರೆ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆಯ ಕ್ರೊಯೇಶಿಯನ್ ಪ್ರತಿ ನಮ್ಮಲ್ಲಿದೆ. ಎರಡೂ ಒಂದೇ ಭಾಷೆಯಾದ್ದರಿಂದ ಅದೇ ಸಾಕೆಂಬ ಸಂದೇಶವೊಂದು ರಫ್ತುದಾರರ ಗುಂಪುಗಳಲ್ಲಿ ಓಡಾಡುತ್ತಿದೆ.

ತಜ್ಞೆ: ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಆಮ್ಲಜನಕ, ಜಲಜನಕ, ಸಾರಜನಕಗಳ ಹೆಸರುಗಳೇ ಆ ಎರಡರಲ್ಲಿ ಬೇರೆ ಬೇರೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ನಿಮ್ಮ ಹಾಳೆಯಲ್ಲಿರುವ ಎಚ್314, ಅಂದರೆ ಚರ್ಮಕ್ಕೆ ತೀವ್ರ ಸುಟ್ಟಗಾಯ ಮತ್ತು ಕಣ್ಣಿಗೆ ಹಾನಿ ಎಂಬ ಎಚ್ಚರಿಕೆಗೆ, ಸರ್ಬಿಯಾದ ನಿಯಮಾವಳಿಯಲ್ಲೇ ನಿಗದಿಯಾದ ಪಠ್ಯವಿದೆ. ಅದನ್ನು ಬಿಟ್ಟು ತಮ್ಮದೇ ವಾಕ್ಯ ರಚಿಸುವವರನ್ನು ಈ ಕೆಲಸಕ್ಕೆ ಒಪ್ಪಲಾಗದು. ಸರ್ಬಿಯಾ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ, ಆದ್ದರಿಂದ ಒಕ್ಕೂಟದ ಕಾನೂನಿನ ಭಾಷಾ ಪಟ್ಟಿಯಲ್ಲಿ ಕ್ರೊಯೇಶಿಯನ್ ಸಿಗುತ್ತದೆಯೇ ಹೊರತು ಸರ್ಬಿಯನ್ ಸಿಗುವುದಿಲ್ಲ.

ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವುದು ನಾಲ್ಕನೇ ವಿಭಾಗದ ಪ್ರಥಮ ಚಿಕಿತ್ಸೆ. ನುಂಗಿದವರಿಗೆ ವಾಂತಿ ಮಾಡಿಸಬಾರದು ಎಂಬಲ್ಲಿ ನಿಷೇಧವೊಂದು ಜಾರಿಹೋದರೆ ಅನ್ನನಾಳ ಎರಡನೇ ಬಾರಿ ಸುಡುತ್ತದೆ. ಆದ್ದರಿಂದ ಹದಿನಾರು ವಿಭಾಗಗಳನ್ನೂ ಒಪ್ಪಿಸುವ ಮೊದಲು ಒಂದು, ನಾಲ್ಕು ಮತ್ತು ಎಂಟನೇ ವಿಭಾಗಗಳನ್ನು ಹಣ ಕೊಟ್ಟು ಮಾದರಿಯಾಗಿ ಮಾಡಿಸಿ. ಒಂದರಲ್ಲಿ ನಿಮ್ಮ ನಂಜನಗೂಡಿನ ತುರ್ತು ಸಂಖ್ಯೆಯನ್ನೇ ಉಳಿಸಿದ್ದಾರೆಯೇ, ಅಥವಾ ಬೆಲ್‌ಗ್ರೇಡ್‌ನ ವಿಷ ನಿಯಂತ್ರಣ ಕೇಂದ್ರದ ಸಂಖ್ಯೆ ಬೇಡವೇ ಎಂದು ಕೇಳಿದ್ದಾರೆಯೇ? ಎಂಟರಲ್ಲಿ ಕೆಲಸದ ಸ್ಥಳದ ಗಾಳಿಯಲ್ಲಿ ರಾಸಾಯನಿಕ ಇರಬಹುದಾದ ಮಿತಿಗಳು ಸರ್ಬಿಯಾದವೇ ಎಂದು ವಿಚಾರಿಸಿದ್ದಾರೆಯೇ? ಪ್ರಶ್ನೆಯನ್ನೇ ಕೇಳದೆ ಮರುದಿನ ಒಪ್ಪಿಸುವವರಿಗೆ ಉಳಿದ ವಿಭಾಗಗಳನ್ನು ಕೊಡಬೇಡಿ.

ಮೊದಲ ಸದಸ್ಯರು: ಸರ್ಬಿಯಾದ ಸಂವಿಧಾನದಲ್ಲಿ ಸಿರಿಲಿಕ್ ಲಿಪಿ ಎಂದಿದೆ, ಲ್ಯಾಟಿನ್‌ನಲ್ಲಿ ಕೊಡುವುದು ತಪ್ಪು.

ಎರಡನೇ ಸದಸ್ಯರು: ಬೆಲ್‌ಗ್ರೇಡ್‌ನಲ್ಲಿ ಕೆಲಸ ಮಾಡಿದವನು ನಾನು. ಅಂಗಡಿ, ಕಾರ್ಖಾನೆಗಳಲ್ಲಿ ಲ್ಯಾಟಿನ್ ಧಾರಾಳವಾಗಿದೆ. ಓದಿದ್ದನ್ನಷ್ಟೇ ಹೇಳಬೇಡಿ.

ಮೊದಲ ಸದಸ್ಯರು: ಅಂಗಡಿಯ ಫಲಕ ಕಾನೂನಲ್ಲ. ತಾವು ಅಲ್ಲಿದ್ದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ತಜ್ಞೆ: 2006ರ ಸಂವಿಧಾನದ ಹತ್ತನೇ ವಿಧಿ ಅಧಿಕೃತ ಬಳಕೆಯ ಕುರಿತದ್ದು. ಯಾವ ಲಿಪಿಯೆಂದು ಖರೀದಿದಾರರಿಂದ ಬರಹದಲ್ಲಿ ಪಡೆಯಿರಿ. ಈ ವಾದ ಇಲ್ಲಿಗೆ ನಿಲ್ಲಲಿ.

ಮೂರನೇ ಸದಸ್ಯರು: ಯಂತ್ರಾನುವಾದ ಮಾಡಿ, ಅದನ್ನೇ ಮರಳಿ ಇಂಗ್ಲಿಷ್‌ಗೆ ತಿರುಗಿಸಿ ನೋಡಿದರೆ ಸಾಕೆಂದು ಫಾರ್ವರ್ಡ್ ಬಂದಿದೆ.

ತಜ್ಞೆ: ಸಾಲದು. ತಪ್ಪು ಪದವನ್ನೂ ಯಂತ್ರ ಸರಿಯಾದ ಇಂಗ್ಲಿಷ್‌ಗೆ ಮರಳಿಸಬಲ್ಲದು. ಇಂಥ ಫಾರ್ವರ್ಡ್‌ಗಳನ್ನು ಇಲ್ಲಿಗೆ ತರಬೇಡಿ.

ನಾಲ್ಕನೇ ಸದಸ್ಯರು: ನ್ಯಾಯಾಲಯದ ಮಾನ್ಯತೆ ಪಡೆದ ಅನುವಾದಕರ ಮುದ್ರೆಯಿದ್ದರೆ?

ತಜ್ಞೆ: ಮುದ್ರೆ ಮೂಲಕ್ಕೆ ನಿಷ್ಠವಾಗಿದೆಯೆಂದು ದೃಢೀಕರಿಸುತ್ತದೆ; ರಸಾಯನಶಾಸ್ತ್ರದ ತಿಳಿವಳಿಕೆಗೆ ಅದು ಪ್ರಮಾಣವಲ್ಲ.

ಐದನೇ ಸದಸ್ಯರು: ಪದಕ್ಕೆ ಎಷ್ಟು ದರ? ಒಳ್ಳೆಯ ಅನುವಾದಕರು ಎಲ್ಲಿ ಸಿಗುತ್ತಾರೆ?

ತಜ್ಞೆ: ಎರಡನೆಯದಕ್ಕೆ ಮೊದಲ ಉತ್ತರವನ್ನು ಓದಿ.

ಐದನೇ ಸದಸ್ಯರು: ದರ ಹೇಳಲಿಲ್ಲ, ಮೇಡಂ.

ಎರಡನೇ ಸದಸ್ಯರು: ಲಿಪಿಯ ವಿಷಯದಲ್ಲಿ ನನ್ನದೊಂದು ಮಾತು ಬಾಕಿಯಿದೆ.